ಕಾಯಕದ ಮನೆಯಲ್ಲಿ ಒಡೆಯನೂ ಒಡನಾಡಿಯೂ
(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಮನುಷ್ಯನು ತಾಯಿತಂದೆಗಳನ್ನು ಆರಿಸಿಕೊಂಡು ಹುಟ್ಟುವುದಿಲ್ಲ. ಹಾಗೆಯೇ ಕೆಲಸಕ್ಕೆ ಸೇರಿದವನು ತನ್ನ ಮೇಲಧಿಕಾರಿಯನ್ನಾಗಲಿ ಜೊತೆಗಾರರನ್ನಾಗಲಿ ಆರಿಸಿಕೊಳ್ಳುವುದಿಲ್ಲ. ಆದರೂ ಅವನ ಹಗಲಿನ ಬಹುಭಾಗವು ಇವರೊಡನೆಯೇ ಕಳೆದುಹೋಗುವುದು. ಕಚೇರಿಯಾಗಲಿ, ಶಾಲೆಯಾಗಲಿ, ಅಂಗಡಿಯಾಗಲಿ, ಹೊಲವಾಗಲಿ, ಅಲ್ಲಿ ದೊರೆತ ಸಂಗವು ಸತ್ಸಂಗವಾದರೆ ಬಾಳು ಹಗುರವಾಗುವುದು. ದುಸ್ಸಂಗವಾದರೆ ಅವನು ಸಂಜೆ ಬಳಲಿಕೆಯೊಡನೆ ಕಹಿಯನ್ನೂ ಮನೆಗೆ ಹೊತ್ತು ತರುವನು. ಪೂಜೆಯ ವೇಳೆಯಲ್ಲಿಯೂ ಆ ಕಹಿಯು ಅವನನ್ನು ಬಿಡದು. ಆದುದರಿಂದ ಒಳ್ಳೆಯ ಒಡೆಯನು ಯಾರು, ಒಳ್ಳೆಯ ಒಡನಾಡಿ ಯಾರು ಎಂಬ ವಿಚಾರವು ಕೇವಲ ಲೌಕಿಕವೆಂದು ತಳ್ಳಿಬಿಡತಕ್ಕುದಲ್ಲ.

ತಾನು ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು ಎಂಬ ಗಾದೆಯನ್ನು ಒಡೆಯರಾದವರು ಮೇಲಿಂದ ಮೇಲೆ ಹೇಳುವುದುಂಟು. ಆಳಿನ ಕೈ ಕೆಟ್ಟದ್ದರಿಂದ ಕೆಲಸವು ಹಾಳಾಗುವುದೋ, ಅದು ತನ್ನದೆಂಬ ಭಾವವು ಆಳಿಗೆ ಹುಟ್ಟದಂತೆ ಒಡೆಯನು ನಡೆದುಕೊಂಡುದರಿಂದ ಹಾಳಾಗುವುದೋ ಎಂಬುದನ್ನು ಮಾತ್ರ ಅವರು ವಿಚಾರಿಸುವುದಿಲ್ಲ. ಅದೇ ಆಳು ತನ್ನ ಗುಡಿಸಲಿನ ನೆಲವನ್ನು ಎಷ್ಟು ನಯವಾಗಿ ಸಾರಿಸಿಕೊಳ್ಳುವನೆಂಬುದನ್ನು ಕಂಡವರಿಗೆ ಈ ಗಾದೆಯ ಮರ್ಮವು ತಿಳಿಯುವುದು.

ಹನ್ನೆರಡನೆಯ ಶತಮಾನದ ಶರಣರು ಈ ಗಂಟನ್ನು ಬಿಡಿಸಿದರು. ದೋಣಿ ನಡೆಸುವವನ ದುಡಿಮೆಗೂ, ಬಟ್ಟೆ ಒಗೆಯುವವನ ದುಡಿಮೆಗೂ, ಅರಸನ ಭಂಡಾರವನ್ನು ಕಾಯುವವನ ದುಡಿಮೆಗೂ ಅವರು ಕಾಯಕವೆಂಬ ಒಂದೇ ಹೆಸರನ್ನಿಟ್ಟರು. ಹೆಸರು ಒಂದಾದ ಮೇಲೆ ನಿಯಮವೂ ಒಂದೇ ಆಯಿತು. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯ-ಲಕ್ಕಮ್ಮ ದಂಪತಿಗಳ ವೃತ್ತಾಂತವನ್ನು ಅರಿಯದ ಭಕ್ತರಿಲ್ಲ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಮಾರಯ್ಯನ ಕಾಯಕವಾಗಿತ್ತು. ಒಂದು ದಿನ ಅಕ್ಕಿಯು ಎಂದಿಗಿಂತ ಹೆಚ್ಚಾಗಿ ಬಿದ್ದಿತ್ತು. ಆತನು ಎಲ್ಲವನ್ನೂ ಆಯ್ದು ತಂದನು. ಲಕ್ಕಮ್ಮನು ಅದನ್ನು ಕಂಡು, ದಿನದ ಅಳತೆಗೆ ಮೀರಿದುದು ಆಸೆಯ ಫಲವೇ ಹೊರತು ಕಾಯಕದ ಫಲವಲ್ಲವೆಂದು ತಿಳಿಯಹೇಳಿ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿದಳೆಂದು ಶರಣಚರಿತ್ರೆಯು ಹೇಳುವುದು.

ಈ ಒಂದು ಪ್ರಸಂಗದಲ್ಲಿ ಎರಡು ಪಾಠಗಳುಂಟು. ಲಕ್ಕಮ್ಮನು ಒಡನಾಡಿಯ ಧರ್ಮವನ್ನು ನಡೆಸಿದಳು. ಮಾರಯ್ಯನ ತಪ್ಪನ್ನು ಊರಿಗೆ ಸಾರಲಿಲ್ಲ, ಮಹಾಮನೆಗೆ ಹೋಗಿ ದೂರು ಕೊಡಲಿಲ್ಲ, ಕಂಡೂ ಕಾಣದಂತೆ ಸುಮ್ಮನಿರಲೂ ಇಲ್ಲ, ಆತನಿಗೇ ಹೇಳಿದಳು. ಎರಡನೆಯದಾಗಿ, ಆ ಅಂಗಳದಲ್ಲಿ ಹಿರಿಯ ಮಂತ್ರಿಯ ಉದಾರತೆಗಿಂತಲೂ ಕಾಯಕದ ನಿಯಮವು ದೊಡ್ಡದಾಗಿತ್ತು. ಅತ್ಯಂತ ಬಡವಳಾದವಳು ಅದನ್ನು ನಿರ್ಭಯದಿಂದ ಎತ್ತಿಹಿಡಿಯಬಹುದಾಗಿತ್ತು. ಯಾವ ಮನೆಯಲ್ಲಿ ಕಿರಿಯರು ನಿರ್ಭಯದಿಂದ ಸತ್ಯವನ್ನಾಡಬಲ್ಲರೋ ಆ ಮನೆಯ ಹಿರಿಯನೇ ಒಳ್ಳೆಯ ಒಡೆಯನು.

ಈಚಿನ ಕಾಲದಲ್ಲಿಯೂ ಇದಕ್ಕೆ ನಿದರ್ಶನಗಳಿಲ್ಲದಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು 1912ರಲ್ಲಿ ಮೈಸೂರಿನ ದಿವಾನಗಿರಿಯನ್ನು ವಹಿಸುವಾಗ, ಬಂಧುಗಳು ಯಾರೂ ತಮ್ಮಿಂದ ಅನುಗ್ರಹವನ್ನು ಬೇಡಕೂಡದೆಂದು ಮುಂಚಿತವಾಗಿಯೇ ತಿಳಿಸಿದ ಸಂಗತಿಯು ಪ್ರಸಿದ್ಧವಾಗಿದೆ. ಕೈಕೆಳಗಿನವರಿಂದ ಶಿಸ್ತನ್ನು ಕಟ್ಟುನಿಟ್ಟಾಗಿ ಅಪೇಕ್ಷಿಸಿದ ಆ ಮಹನೀಯರು ಅದನ್ನು ಮೊದಲು ತಮ್ಮ ಮನೆಗೆ ಅನ್ವಯಿಸಿದರು. ಮುಂದೆ 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ನಷ್ಟದಲ್ಲಿದ್ದಾಗ ಅದರ ಆಡಳಿತ ಮಂಡಲಿಯ ಅಧ್ಯಕ್ಷತೆಯನ್ನು ವಹಿಸಿ, ಈ ನಾಡಿನ ಎಂಜಿನಿಯರರ ಮೇಲೆ ಭರವಸೆಯಿಟ್ಟು ಅವರಿಗೆ ಹೊಣೆಯನ್ನು ವಹಿಸಿಕೊಟ್ಟರು. ಆ ಸೇವೆಗಾಗಿ ತಮಗೆ ಸಲ್ಲತಕ್ಕ ಹಣವನ್ನು ತರುಣರಿಗೆ ಕೈಕಸಬು ಕಲಿಸುವ ವಿದ್ಯಾಲಯಕ್ಕೆ ವಿನಿಯೋಗಿಸುವಂತೆ ಕೋರಿದರು. ಬೆಂಗಳೂರಿನಲ್ಲಿ ಸ್ಥಾಪಿತವಾದ ಆ ವಿದ್ಯಾಲಯವು ಅವರ ಹೆಸರನ್ನು ಹೊರದೆ ಶ್ರೀ ಜಯಚಾಮರಾಜೇಂದ್ರರ ಹೆಸರನ್ನು ಹೊತ್ತಿತು.

ಭಯದಿಂದ ಕೆಲಸವು ನಡೆಯುವುದೆಂದು ನಂಬಿದವರೂ ಇರುವರು. ಒಂದು ಪ್ರಸಾದನಿಲಯದ ಉಗ್ರಾಣವನ್ನು ಭಾವಿಸಿರಿ. ಅಕ್ಕಿಯ ಚೀಲಕ್ಕೆ ಹುಳು ಹಿಡಿದುದು ಉಗ್ರಾಣಿಯ ಕಣ್ಣಿಗೆ ಬೀಳುವುದು. ಮೇಲ್ವಿಚಾರಕನು ಸೈರಣೆಯುಳ್ಳವನಾದರೆ ಆ ಕ್ಷಣವೇ ಸುದ್ದಿಯು ಮುಟ್ಟುವುದು. ಒಂದು ಚೀಲವು ಹೋಗಿ ಹತ್ತು ಚೀಲಗಳು ಉಳಿಯುವುವು. ಆತನು ಎಲ್ಲರೆದುರಿಗೆ ಗದರಿಸುವವನಾದರೆ ಉಗ್ರಾಣಿಯು ಆ ಚೀಲವನ್ನು ಹಿಂದಕ್ಕೆ ಸರಿಸಿ ಬಾಗಿಲು ಹಾಕಿಕೊಳ್ಳುವನು. ಕಡೆಗೆ ಆ ಅನ್ನವನ್ನು ಉಣ್ಣುವವರು ಊರು ಬಿಟ್ಟು ಓದಲು ಬಂದ ಬಡಮಕ್ಕಳು. ಒಡೆಯನ ಕೋಪದ ಬೆಲೆಯನ್ನು ತೆರುವವರು ಯಾವಾಗಲೂ ಇಂಥ ಮೂಕರೇ ಆಗಿರುವರು.

ಇನ್ನು ಒಡನಾಡಿಗಳ ವಿಚಾರ. ಮೇಲಧಿಕಾರಿಯು ಸತ್ಪುರುಷನಾಗಿದ್ದರೂ ಜೊತೆಗಾರರಲ್ಲಿ ಮತ್ಸರವು ಹೊಕ್ಕರೆ ಕಾರ್ಯವು ಕೆಡುವುದು. ಒಬ್ಬನ ಶ್ರಮವನ್ನು ಮತ್ತೊಬ್ಬನು ತನ್ನದೆಂದು ಹೇಳಿಕೊಳ್ಳುವುದೂ, ಬೆನ್ನ ಹಿಂದೆ ಚಾಡಿ ಹೇಳುವುದೂ ಗೆದ್ದಲಿನಂತೆ. ಹೊರಗೆ ಕಾಣದೆ ತೊಲೆಯನ್ನು ತಿನ್ನುವುವು. ಬೆಳಗಾವಿಯಲ್ಲಿ 1916ನೆಯ ಇಸವಿಯ ನವೆಂಬರ್ 13ರಂದು ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ ಏಳು ಜನ ಶಿಕ್ಷಕರನ್ನು ಇಲ್ಲಿ ಸ್ಮರಿಸುವುದು ಉಚಿತವು. ಒಂದು ಶಾಲೆಯಿಂದ ಮೊದಲಾದ ಆ ಕಾರ್ಯವು 1933ರಲ್ಲಿ ಲಿಂಗರಾಜ ಕಾಲೇಜನ್ನು ಕಂಡಿತು. ಇಂದು ವೈದ್ಯಕೀಯ, ತಾಂತ್ರಿಕ ವಿದ್ಯಾಲಯಗಳವರೆಗೆ ಹಬ್ಬಿದೆ. ಆ ಏಳು ಮಂದಿಯಲ್ಲಿ ಯಾರು ಮೊದಲಿಗರು, ಯಾರು ಕೊನೆಯವರು ಎಂದು ಜನರು ಎಣಿಸುವುದಿಲ್ಲ. ಸಪ್ತರ್ಷಿಗಳೆಂಬ ಒಂದೇ ಹೆಸರಿನಿಂದ ಕರೆಯುವರು. ಕೀರ್ತಿಯನ್ನು ಹಂಚಿಕೊಂಡವರಿಗೆ ಕೀರ್ತಿಯು ಎಂದೂ ಕಡಮೆಯಾಗಲಿಲ್ಲ.

ಆದುದರಿಂದ ಒಡೆಯನಾದವನು ಮೆಚ್ಚುಗೆಯನ್ನು ಸಭೆಯಲ್ಲಿಯೂ ತಪ್ಪನ್ನು ಏಕಾಂತದಲ್ಲಿಯೂ ಹೇಳಲಿ. ಕೂಲಿಯನ್ನು ಬೇಡಿಸಿಕೊಳ್ಳದೆ ವೇಳೆಗೆ ಸರಿಯಾಗಿ ಕೊಡಲಿ. ತಾನು ಮಾಡಲೊಲ್ಲದುದನ್ನು ಇತರರಿಂದ ಮಾಡಿಸದಿರಲಿ. ಒಡನಾಡಿಯಾದವನು ಹೊಸಬನಿಗೆ ಕೆಲಸದ ಗುಟ್ಟನ್ನು ಮುಚ್ಚಿಡದೆ ಕಲಿಸಲಿ. ಬಿದ್ದವನ ಹೊರೆಗೆ ಒಂದು ಕೈ ಕೊಡಲಿ. ಕೆಲಸಗಾರನೂ ಒಡೆಯನು ನೋಡುತ್ತಿರುವಾಗ ಒಂದು ಬಗೆ, ನೋಡದಿರುವಾಗ ಮತ್ತೊಂದು ಬಗೆ ಆಗದಿರಲಿ.

ಈ ಸಭೆಯಿಂದ ಹೊರಟವರು ನಾಳೆಯ ಬೆಳಿಗ್ಗೆ ತಮ್ಮ ತಮ್ಮ ಅಂಗಡಿ, ಕಚೇರಿ, ಶಾಲೆ, ಹೊಲಗಳಿಗೆ ಹೋಗುವರು. ಅಲ್ಲಿ ಯಾವನೋ ಒಬ್ಬನು ತಲೆತಗ್ಗಿಸಿ ಏನನ್ನೋ ಹೇಳಲು ಅಂಜುತ್ತ ನಿಂತಿರಬಹುದು. ಅವನನ್ನು ಹತ್ತಿರ ಕರೆದು, ಅವನ ಮಾತನ್ನು ಪೂರ್ತಿಯಾಗಿ ಕೇಳಿದವನ ಕಾಯಕವು ಆ ದಿನ ಸಫಲವಾಯಿತು. ಸರ್ವರಿಗೂ ಸನ್ಮಂಗಳವಾಗಲಿ.