ಪವಿತ್ರ ಕುಟುಂಬದ ಹಬ್ಬ: ಎಣಿಸುವವರು ಮತ್ತು ಎತ್ತಿಕೊಳ್ಳುವವರು

(ಹಲಗೇರಿಯಲ್ಲಿ ಪವಿತ್ರ ಕುಟುಂಬದ ಹಬ್ಬದ ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ)



ಕ್ರಿಸ್ತಜಯಂತಿಯ ಸಂಭ್ರಮ ನಮ್ಮ ಮನೆಗಳಲ್ಲಿ ಇನ್ನೂ ಮಾಸಿಲ್ಲ. ಗೋದಲಿಯ ಮುಂದಿನ ದೀಪ ಆರುವ ಮೊದಲೇ ಧರ್ಮಸಭೆಯು ನಮ್ಮನ್ನು ಪವಿತ್ರ ಕುಟುಂಬದ ಹಬ್ಬಕ್ಕೆ ಕರೆದಿದೆ. ಇಂದಿನ ಶುಭಸಂದೇಶದಲ್ಲಿ ಜೋಸೆಫರೂ ಮರಿಯಮ್ಮನೂ ಬಾಲಯೇಸುವನ್ನು ಎತ್ತಿಕೊಂಡು ಜೆರುಸಲೇಮಿನ ದೇವಾಲಯಕ್ಕೆ ಬರುತ್ತಾರೆ. ಅವರು ತಂದ ಕಾಣಿಕೆ ಎರಡು ಹಕ್ಕಿಗಳು. ಕುರಿಮರಿ ತರುವ ಶಕ್ತಿಯಿಲ್ಲದ ಬಾಣಂತಿ ಜೋಡಿ ಹಕ್ಕಿಗಳನ್ನು ಅರ್ಪಿಸಬಹುದೆಂದು ಯಾಜಕಕಾಂಡದ 12ನೇ ಅಧ್ಯಾಯ ಹೇಳುತ್ತದೆ. ಅಂದರೆ ನಾವು ಪವಿತ್ರವೆಂದು ಕರೆಯುವ ಈ ಕುಟುಂಬ ಒಂದು ಬಡ ಕುಟುಂಬ. ನಮ್ಮ ಹಾಗೆ ದುಡಿದು ತಿನ್ನುವ ಕುಟುಂಬ.

ಯೇಸುಸ್ವಾಮಿಯ ಬಾಲ್ಯದ ಕಥೆಯಲ್ಲಿ ಬರುವ ಮೂವರನ್ನು ಇಂದು ನೆನೆಯೋಣ. ಮೊದಲನೆಯವನು ಅಗಸ್ಟಸ್ ಚಕ್ರವರ್ತಿ. ಅವನು ಜನರನ್ನು ಎಣಿಸಲು ಹೊರಟ. ತುಂಬು ಗರ್ಭಿಣಿಯೊಬ್ಬಳು ದೂರದ ಬೆತ್ಲೆಹೇಮಿಗೆ ಬರಬೇಕಾಯಿತು. ಲೆಕ್ಕದಲ್ಲಿ ಅವಳಿಗೆ ಜಾಗವಿತ್ತು, ಛತ್ರದಲ್ಲಿ ಇರಲಿಲ್ಲ. ಎರಡನೆಯವನು ಹೆರೋದ. ಅವನು ಮಕ್ಕಳಿಗೆ ಹೆದರಿದ. ಮೂರನೆಯವರು ಸಿಮೆಯೋನ. ಅವರು ಏನು ಮಾಡಿದರು? ಕೂಸನ್ನು ತಾಯಿಯ ಕೈಯಿಂದ ತಮ್ಮ ತೋಳಿಗೆ ಎತ್ತಿಕೊಂಡರು. ಸಂತ ಲೂಕರು ಇದನ್ನು ಮರೆಯದೆ ಬರೆದಿದ್ದಾರೆ (ಲೂಕ 2:28).

ಪ್ರಿಯರೇ, ನಮ್ಮ ನಾಡಿನಲ್ಲೂ ಎಣಿಸುವವರಿಗೆ ಕೊರತೆಯಿಲ್ಲ. 1930ರಲ್ಲೇ ಮೈಸೂರು ಸಂಸ್ಥಾನವು ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶಿಸಿತು. ಜಗತ್ತಿನಲ್ಲಿ ಸರ್ಕಾರವೊಂದು ಈ ಕೆಲಸಕ್ಕೆ ಕೈಹಾಕಿದ ಮೊದಮೊದಲ ಉದಾಹರಣೆಗಳಲ್ಲಿ ಇದೂ ಒಂದು. 1952ರಲ್ಲಿ ಭಾರತ ಸರ್ಕಾರ ಕುಟುಂಬ ಯೋಜನೆಯನ್ನು ಇಡೀ ದೇಶದ ಕಾರ್ಯಕ್ರಮವಾಗಿಸಿತು. ಕೆಂಪು ತ್ರಿಕೋನವನ್ನೂ, ಆರತಿಗೊಬ್ಬಳು ಕೀರ್ತಿಗೊಬ್ಬ ಎಂಬ ಗೋಡೆ ಬರಹವನ್ನೂ ಇಲ್ಲಿರುವ ಹಿರಿಯರು ಮರೆತಿರಲಾರರು. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976-77ರ ಒಂದೇ ವರ್ಷದಲ್ಲಿ, ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು. ಬಡವರನ್ನು ಬಲವಂತವಾಗಿ ಎಳೆದೊಯ್ದ ಪ್ರಸಂಗಗಳು ಕಡಿಮೆಯೇನಲ್ಲ.

ಇಂದು ಗಾಳಿ ತಿರುಗಿದೆ. 1992-93ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಒಬ್ಬ ತಾಯಿಗೆ ಸರಾಸರಿ 2.85 ಮಕ್ಕಳಿದ್ದರು. 2019-21ರ ಸಮೀಕ್ಷೆಯಲ್ಲಿ ಅದು 1.7ಕ್ಕೆ ಇಳಿದಿತ್ತು. ಒಂದು ತಲೆಮಾರಿನ ಜಾಗವನ್ನು ಮುಂದಿನ ತಲೆಮಾರು ತುಂಬಬೇಕಾದರೆ 2.1 ಬೇಕು. ನೆರೆಯ ಆಂಧ್ರಪ್ರದೇಶವನ್ನು ನೋಡಿರಿ. ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರು ಸ್ಥಳೀಯ ಚುನಾವಣೆಗೆ ನಿಲ್ಲಬಾರದೆಂಬ ಕಾನೂನು ಅಲ್ಲಿತ್ತು. 2024ರಲ್ಲಿ ಅದನ್ನು ತೆಗೆದುಹಾಕಿದರು. ಅದೇ ವರ್ಷ ಅಲ್ಲಿನ ಮುಖ್ಯಮಂತ್ರಿಗಳೇ ಹೆಚ್ಚು ಮಕ್ಕಳನ್ನು ಪಡೆಯಿರಿ ಎಂದು ಕರೆಕೊಟ್ಟರು. ನಿನ್ನೆ ಬೇಡ ಎಂದವರು ಇಂದು ಬೇಕು ಎನ್ನುತ್ತಿದ್ದಾರೆ. ಆದರೆ ನಿನ್ನೆಯಾಗಲಿ ಇಂದಾಗಲಿ, 'ತಾಯಿ, ನಿನಗೇನು ಬೇಕು?' ಎಂದು ಕೇಳಿದವರು ಎಷ್ಟು ಮಂದಿ?

ನಾನು ಮನೆಗಳ ಭೇಟಿಗೆ ಹೋದಾಗ ತಾಯಂದಿರು ಹೇಳುವುದು ಒಂದೇ ಮಾತು: "ಫಾದರ್, ಕೆಲಸಕ್ಕ ಹೋಗಬೇಕಂದ್ರ ಕೂಸನ್ನ ಯಾರ ಹತ್ರ ಬಿಡ್ಲಿ ಹೇಳ್ರಿ?" ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ ಯಾರದು? ರಾಣೆಬೆನ್ನೂರು ಸುತ್ತಿನ ಬೀಜೋತ್ಪಾದನೆಯ ಹೊಲಗಳಲ್ಲಿ ಒಂದೊಂದೇ ಹೂವಿಗೆ ಪರಾಗ ಮುಟ್ಟಿಸುವವರು ಯಾರು? ಹೆಚ್ಚಾಗಿ ನಮ್ಮ ಹೆಣ್ಣುಮಕ್ಕಳೇ. ಮೆಣಸಿನಕಾಯಿಯ ಘಾಟಿನಲ್ಲಿ ದೊಡ್ಡವರಿಗೇ ಉಸಿರು ಕಟ್ಟುತ್ತದೆ. ಅಲ್ಲಿಗೆ ಹಾಲುಗೂಸನ್ನು ಒಯ್ಯುವುದು ಹೇಗೆ? ಹಿಂದೆ ಕುಪ್ಪಸದ ಕಾರ್ಯ ಮುಗಿಸಿ ತವರಿಗೆ ಹೋದ ಮಗಳಿಗೆ ತಿಂಗಳುಗಟ್ಟಲೆ ಬಾಣಂತನ ಆಗುತ್ತಿತ್ತು. ಇಂದು ತವರಿನಲ್ಲಿ ಅವ್ವನೂ ಕೂಲಿಗೆ ಹೋಗುತ್ತಾಳೆ. ಗಂಡ ಗೋವೆಗೋ ಬೆಂಗಳೂರಿಗೋ ದುಡಿಯಲು ಹೋಗಿರುತ್ತಾನೆ. ಈಜಿಪ್ಟಿಗೆ ವಲಸೆ ಹೋದ ಪವಿತ್ರ ಕುಟುಂಬದಲ್ಲಾದರೂ ಮೂವರೂ ಜೊತೆಗಿದ್ದರು.

ಕಾನೂನಿನಲ್ಲಿ ಏನಿದೆ ಎಂದು ನೀವು ಕೇಳಬಹುದು. 1961ರ ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ, ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ಸಂಬಳ ಸಹಿತ ರಜೆ ಕೊಟ್ಟಿತು. 50 ಅಥವಾ ಹೆಚ್ಚು ಮಂದಿ ಕೆಲಸ ಮಾಡುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದೂ ಹೇಳಿತು. ಒಳ್ಳೆಯದೇ. ಆದರೆ ಇಂದು ಒಬ್ಬರ ಹೊಲ, ನಾಳೆ ಇನ್ನೊಬ್ಬರ ಕಣ ಎಂದು ದುಡಿಯುವ ಕೂಲಿ ತಾಯಿಗೆ ರಜೆ ಕೊಡುವ ಯಜಮಾನ ಯಾರು? ಅವಳಿಗಿರುವುದು ಕೇಂದ್ರದ ಮಾತೃ ವಂದನಾ ಯೋಜನೆ. ಮೊದಲ ಮಗುವಿಗೆ 5000 ರೂಪಾಯಿ. ಎರಡನೆಯದು ಹೆಣ್ಣಾದರೆ 6000. ಅದೂ ಕಾಗದಪತ್ರ ಸರಿಯಿದ್ದರೆ. 'ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು' ಎಂಬ ಗಾದೆಯಿದೆ. ಬಡವರ ಮನೆಯಲ್ಲಿ ಕೂಸು ಹುಟ್ಟಿ ಅಂಬೆಗಾಲಿಟ್ಟರೂ ಕುಲಾವಿ ಬಂದಿರುವುದಿಲ್ಲ.

ಒಳ್ಳೆಯ ಕೆಲಸಗಳೂ ಆಗಿವೆ, ಅದನ್ನು ಕೃತಜ್ಞತೆಯಿಂದ ಹೇಳಬೇಕು. 2017ರಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯಿಂದ ಗರ್ಭಿಣಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಬಂದಿತು. 2023-24ರಲ್ಲಿ ರಾಜ್ಯದ 4000 ಗ್ರಾಮ ಪಂಚಾಯಿತಿಗಳಲ್ಲಿ ಕೂಲಿ ತಾಯಂದಿರ ಮಕ್ಕಳಿಗಾಗಿ 'ಕೂಸಿನ ಮನೆ' ತೆರೆಯುವುದಾಗಿ ಸರ್ಕಾರ ಪ್ರಕಟಿಸಿತು. ಅಂಗನವಾಡಿಯಲ್ಲಿ ಮೂರು ವರ್ಷ ತುಂಬಿದ ಮೇಲೆ ಮಗುವನ್ನು ಕೂರಿಸಬಹುದು. ಅದಕ್ಕೂ ಮೊದಲಿನ ದಿನಗಳೇ ತಾಯಿಗೆ ಕಷ್ಟದ ದಿನಗಳು. ಆ ಕಷ್ಟವನ್ನು ಅರಿತು ಇಟ್ಟ ಹೆಸರು 'ಕೂಸಿನ ಮನೆ'.

ಹಣವೊಂದನ್ನೇ ಕೊಟ್ಟರೆ ತೊಟ್ಟಿಲು ತೂಗುವುದಿಲ್ಲ. ದಕ್ಷಿಣ ಕೊರಿಯಾ ದೇಶವು ಮಕ್ಕಳನ್ನು ಪಡೆಯುವವರಿಗೆ ವರ್ಷಗಟ್ಟಲೆ ಹಣ ಸುರಿದಿದೆ. ಆದರೂ 2023ರಲ್ಲಿ ಅಲ್ಲಿನ ಸರಾಸರಿ ಒಬ್ಬ ಮಹಿಳೆಗೆ 0.72 ಮಗು. ದುಡಿಮೆಯ ಗಂಟೆಗಳು ಕಡಿಮೆಯಾಗದೆ, ಮನೆಯ ಬೆಲೆ ಇಳಿಯದೆ, ಮಕ್ಕಳ ಓದಿನ ಖರ್ಚು ತಗ್ಗದೆ ಬರೀ ಹಣ ಏನು ಮಾಡೀತು?

ಧರ್ಮಸಭೆಯ ಬೋಧನೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1968ರಲ್ಲಿ ಜಗದ್ಗುರು ಆರನೇ ಪೌಲರು ಜೀವದ ದ್ವಾರವನ್ನು ಮುಚ್ಚದಿರಿ ಎಂದು ಬೋಧಿಸಿದಾಗಲೇ ಹೊಣೆಯರಿತ ತಾಯ್ತಂದೆತನದ ಬಗ್ಗೆಯೂ ಹೇಳಿದರು. ಎಷ್ಟು ಮಕ್ಕಳು, ಎಷ್ಟು ಅಂತರ ಎಂಬ ತೀರ್ಮಾನ ದೇವರ ಮುಂದೆ ದಂಪತಿಗಳದ್ದು, ಯಾವ ಸರ್ಕಾರದ್ದೂ ಅಲ್ಲ ಎಂದು 1983ರ ಕುಟುಂಬದ ಹಕ್ಕುಗಳ ಸನ್ನದು ಸಾರಿತು. ಮಕ್ಕಳನ್ನು ಹೆತ್ತು ಬೆಳೆಸಲು ಸಮಾಜದ ನೆರವು ಪಡೆಯುವುದು ಕುಟುಂಬದ ಹಕ್ಕು ಎಂದೂ ಅದೇ ಸನ್ನದು ಹೇಳುತ್ತದೆ. ಹಕ್ಕು ಎಂದಿದೆ, ಭಿಕ್ಷೆ ಎಂದಿಲ್ಲ. ಹೆಚ್ಚು ಮಕ್ಕಳನ್ನು ಪಡೆಯಿರಿ ಎಂದು ನಿಮ್ಮ ಮೇಲೆ ಹೊರೆ ಹೇರಲು ನಾನು ಇಲ್ಲಿ ನಿಂತಿಲ್ಲ. ಮಕ್ಕಳಿಲ್ಲದ ದಂಪತಿಗಳೂ ಇಲ್ಲಿದ್ದೀರಿ. ನಿಮ್ಮ ಮನೆಯೂ ದೇವರ ಮುಂದೆ ತುಂಬಿದ ಮನೆಯೇ.

ಸಹೋದರರೇ, ಗಂಡಸರಿಗೆ ಒಂದು ಮಾತು. 2019-21ರ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಮದುವೆಯಾದ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಂತಾನಹರಣದ ಶಸ್ತ್ರಚಿಕಿತ್ಸೆಗೆ ಒಳಗಾದವರು. ಗಂಡಸರ ಲೆಕ್ಕ ನೂರಕ್ಕೆ ಒಬ್ಬರೂ ಇಲ್ಲ. ಆ ದಾರಿಯನ್ನು ಧರ್ಮಸಭೆ ಒಪ್ಪುವುದಿಲ್ಲ, ನಿಮಗೆ ಗೊತ್ತು. ಆದರೆ ಈ ಅಂಕಿಯಲ್ಲಿ ಒಂದು ಸತ್ಯ ಕಾಣುತ್ತದೆ: ಹೆರುವ ನೋವೂ ಅವಳದೇ, ಬೇಡವೆಂದಾಗ ಕತ್ತರಿಗೆ ಒಡ್ಡಿದ ದೇಹವೂ ಅವಳದೇ. ನಮ್ಮ ರಾಣೆಬೆನ್ನೂರು ತಾಲ್ಲೂಕಿನ ತಾಂಡಾಗಳ ಎಷ್ಟೋ ಲಂಬಾಣಿ ತಾಯಂದಿರು ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶ ಕಳೆದುಕೊಂಡು, ನ್ಯಾಯ ಬೇಡಿ ಬೀದಿಗಿಳಿದದ್ದನ್ನು ನಾವು ಮರೆಯಬಾರದು. ಬಡ ಹೆಣ್ಣಿನ ದೇಹ ಯಾರೂ ಕೈಯಾಡಿಸಬಹುದಾದ ವಸ್ತುವಲ್ಲ, ಅದು ಪವಿತ್ರಾತ್ಮರ ಆಲಯ. ಸಂತ ಜೋಸೆಫರು ಆಡಿದ ಒಂದು ಮಾತೂ ಶುಭಸಂದೇಶದಲ್ಲಿ ಇಲ್ಲ. ಅವರು ರಾತ್ರಿಯಲ್ಲೇ ಎದ್ದು ಕೂಸನ್ನೂ ತಾಯಿಯನ್ನೂ ಕರೆದುಕೊಂಡು ಹೊರಟರೆಂದು ಮಾತ್ರ ಇದೆ. ಅವರ ಹಬ್ಬ ಆಚರಿಸುವ ಗಂಡಸು, ಕೂಸು ರಾತ್ರಿ ಅತ್ತಾಗ ಮಗ್ಗುಲು ಬದಲಿಸಿ ಮಲಗಬಾರದು.

ಕೊನೆಯದಾಗಿ, ಧರ್ಮಕೇಂದ್ರವಾಗಿ ನಾವು ಏನು ಮಾಡಬಹುದು? ಮೊದಲನೆಯದು, ಮೆಣಸಿನಕಾಯಿ ಸುಗ್ಗಿ ಮುಗಿಯುವ ತನಕ ನಮ್ಮ ಧರ್ಮೋಪದೇಶದ ಕೋಣೆಯನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ಕೂಸುಗಳಿಗೆ ಬಿಟ್ಟುಕೊಡೋಣ. ಯಾವ ಜಾತಿ, ಯಾವ ಧರ್ಮದ ಕೂಸಾದರೂ ಬರಲಿ. ನೋಡಿಕೊಳ್ಳುವವರಿಗೆ ಹಬ್ಬದ ಕಾಣಿಕೆಯಿಂದ ಕೂಲಿ ಕೊಡೋಣ. ಹೆಂಗಸರ ದುಡಿಮೆಯನ್ನು ಸೇವೆಯ ಹೆಸರಿನಲ್ಲಿ ಪುಕ್ಕಟೆ ಮಾಡುವುದು ಬೇಡ. ಎರಡನೆಯದು, ಮುಂದಿನ ಗ್ರಾಮಸಭೆಗೆ ನಮ್ಮ ತಂದೆತಾಯಿಗಳು ಒಟ್ಟಾಗಿ ಹೋಗಲಿ. ನಮ್ಮ ಪಂಚಾಯಿತಿಯಲ್ಲಿ ಕೂಸಿನ ಮನೆ ಇದೆಯೇ, ದಿನವೂ ಬಾಗಿಲು ತೆರೆಯುತ್ತದೆಯೇ, ಹಾಲು ಆಹಾರ ಸಿಗುತ್ತದೆಯೇ ಎಂದು ಕೇಳಲಿ. ಮೂರನೆಯದು, ಮನೆಯಲ್ಲಿರುವ ಅಜ್ಜ ಅಜ್ಜಿಯರು ಸಿಮೆಯೋನರನ್ನೂ ಪ್ರವಾದಿನಿ ಅನ್ನಾ ಅವರನ್ನೂ ನೆನೆಯಲಿ. ವಯಸ್ಸಾದ ಅವರೇ ದೇವಾಲಯದಲ್ಲಿ ಆ ಬಡ ಕೂಸನ್ನು ಗುರುತಿಸಿ ಬರಮಾಡಿಕೊಂಡವರು.

2021ರಲ್ಲಿ ಆಗಬೇಕಿದ್ದ ಜನಗಣತಿಯನ್ನು 2027ಕ್ಕೆ ಗೊತ್ತುಮಾಡಲಾಗಿದೆ. ಎಣಿಸುವವರು ನಿಮ್ಮ ಮನೆ ಬಾಗಿಲಿಗೆ ಬಂದಾಗ ಗೌರವದಿಂದ ವಿವರ ಕೊಡಿ, ಅದು ನಾಗರಿಕರ ಕರ್ತವ್ಯ. ಅದರ ಜೊತೆಗೆ, ಪಕ್ಕದ ಮನೆಯಲ್ಲಿ ಕೂಸು ಅಳುತ್ತಿದ್ದರೆ ಹೋಗಿ ಎತ್ತಿಕೊಳ್ಳಿ. ಅದು ಕ್ರೈಸ್ತರ ಕರ್ತವ್ಯ.

ಯೇಸು, ಮರಿಯ, ಜೋಸೆಫರ ಪವಿತ್ರ ಕುಟುಂಬವು ನಿಮ್ಮೆಲ್ಲರ ಕುಟುಂಬಗಳನ್ನು, ಹುಟ್ಟಿದ ಮತ್ತು ಹುಟ್ಟಲಿರುವ ನಿಮ್ಮ ಮಕ್ಕಳನ್ನು ಕಾಪಾಡಲಿ. ಪಿತನ, ಸುತನ ಮತ್ತು ಪವಿತ್ರಾತ್ಮರ ನಾಮದಲ್ಲಿ. ಆಮೆನ್.