ಮಗುಚಿದ್ರೆ ಏಳುತ್ತಾ? ಹಳೇ ಕ್ಯಾಟಮರಾನ್ ಕೊಳ್ಳೋ ಮುಂಚೆ ಕೇಳಬೇಕಾದ ಒಂದೇ ಪ್ರಶ್ನೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಳ್ಳಲಾಗಿದೆ.)

ಮೆಟ್ರೋದಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತಿದ್ದೀರೋ, ಪಾತ್ರೆ ತೊಳೀತಾ ಕೇಳ್ತಿದ್ದೀರೋ ಗೊತ್ತಿಲ್ಲ. ನಾನು ಮಾತಾಡ್ತಿರೋದು ಅಮೆರಿಕದ ಸ್ಯಾನ್ ಡಿಯಾಗೋದಿಂದ. ಊರು ಹೊನ್ನಾವರ, ಶರಾವತಿ ಸಮುದ್ರ ಸೇರೋ ಜಾಗ. ನಮ್ಮ ಕಡೆ "ದೋಣಿ ಮಗುಚಿತು" ಅನ್ನೋ ಮಾತು ಕಿವಿಗೆ ಬಿದ್ರೆ ಸಾಕು, ಮನೆಯವರು ಕೈಲಿದ್ದ ಕೆಲಸ ಬಿಟ್ಟು ದಂಡೆಗೆ ಓಡ್ತಾರೆ. ಅದನ್ನ ನೋಡ್ತಾ ಬೆಳೆದವನು ನಾನು.

ಆದ್ರೆ ಇವತ್ತು ಹೇಳೋಕೆ ಹೊರಟಿರೋ ದೋಣಿಗೆ ಮಗುಚೋದು ದಿನನಿತ್ಯದ ವಿಷಯ. ಮಗುಚಿದ್ರೆ ಗಾಬರಿ ಇಲ್ಲ. ಮಗುಚಿದ್ದು ಮತ್ತೆ ಏಳದಿದ್ರೆ ಮಾತ್ರ ಕಷ್ಟ. ಆ ಪಾಠ ನಾನು 800 ಡಾಲರ್ ಕೊಟ್ಟು, ಜೊತೆಗೆ ನನ್ನ ತಮ್ಮನ ಜೀವ ಪಣಕ್ಕಿಟ್ಟು ಕಲಿತೆ.

ಮೊದಲು ದೋಣಿ ಯಾವುದು ಅಂತ ಹೇಳ್ತೀನಿ. ಕ್ಯಾಟಮರಾನ್. ಇದು ನಮ್ಮ ಪಕ್ಕದ ಮನೆಯ ಪದ, ತಮಿಳಿನ 'ಕಟ್ಟುಮರಂ'. ಕನ್ನಡದ ಕಿವಿಗೂ ಅರ್ಥ ಆಗುತ್ತೆ, ಕಟ್ಟಿದ ಮರ. ಮರದ ದಿಮ್ಮಿಗಳನ್ನ ಹಗ್ಗದಲ್ಲಿ ಕಟ್ಟಿ ಮೀನು ಹಿಡಿಯೋಕೆ ಹೋಗ್ತಿದ್ದ ತೆಪ್ಪ ಅದು. ಇಂಗ್ಲಿಷಿನವರು ಕೋರಮಂಡಲ ತೀರದಲ್ಲಿ ಕೇಳಿದ ಆ ಹೆಸರು, ಆಮೇಲೆ ಪೆಸಿಫಿಕ್ ದ್ವೀಪಗಳ ಮಾದರಿಯ ಜೋಡಿ ದೋಣಿಗೆ ಅಂಟಿಕೊಳ್ತು. ಈಗ ಕ್ಯಾಟಮರಾನ್ ಅಂದ್ರೆ ಎರಡು ಸಪೂರ ಒಡಲು, ಇಲ್ಲಿಯವರ ಮಾತಲ್ಲಿ ಎರಡು ಹಲ್. ನಡುವೆ ಅಲ್ಯುಮಿನಿಯಂ ಚೌಕಟ್ಟು, ಅದರ ಮೇಲೆ ಬಿಗಿದ ಬಲೆಯಂಥ ಬಟ್ಟೆ, ಅದು ಟ್ರ್ಯಾಂಪೊಲಿನ್. ಮೇಲೆ ಹಾಯಿ. ಎಂಜಿನ್ ಇಲ್ಲ.

ಮರಳ ಮೇಲೆ ಎಳೆದು ನಿಲ್ಲಿಸಬಹುದಾದ ಇಂಥ ದೋಣಿಯನ್ನ ಮನೆಮಾತು ಮಾಡಿದವರು ಹೋಬಿ ಆಲ್ಟರ್. ಕ್ಯಾಲಿಫೋರ್ನಿಯಾದಲ್ಲಿ ಸರ್ಫ್‌ಬೋರ್ಡ್ ಮಾಡ್ತಿದ್ದ ಮನುಷ್ಯ. 1968ರಲ್ಲಿ ಹೋಬಿ 14 ತಂದ್ರು, ಅದರ ಬೆನ್ನಿಗೇ ಹೋಬಿ 16 ಬಂತು. 2014ರಲ್ಲಿ ಅವರು ತೀರಿಕೊಂಡ್ರು, ಆದ್ರೆ ಹೋಬಿ 16 ಇವತ್ತಿಗೂ ಓಡ್ತಾ ಇದೆ. ಉದ್ದ 5 ಮೀಟರ್ ಚಿಲ್ಲರೆ, ಅಗಲ 2.4 ಮೀಟರ್, ತೂಕ ಸುಮಾರು 145 ಕೆಜಿ, ಹಾಯಿಕಂಬ 8 ಮೀಟರ್. ಲೆಕ್ಕವಿಲ್ಲದಷ್ಟು ತಯಾರಾಗಿರೋದ್ರಿಂದ ಇಲ್ಲಿ ಎಷ್ಟೋ ಮನೆಗಳ ಹಿತ್ತಲಲ್ಲಿ ಒಂದು ಹಳೇ ಹೋಬಿ ಬಿಸಿಲು ಕಾಯ್ತಾ ಬಿದ್ದಿರುತ್ತೆ. ಜಾಹೀರಾತಲ್ಲಿ "ಚೂರುಪಾರು ಕೆಲಸ ಇದೆ, ಅಷ್ಟೇ" ಅಂತ ಬರೆದಿರ್ತಾರೆ. ನಾನು ನಂಬಿದ್ದು ಆ "ಅಷ್ಟೇ" ಅನ್ನೋ ಪದವನ್ನ.

ಫೆಬ್ರವರಿ ತಿಂಗಳು. ತಮ್ಮ ಊರಿಂದ ಬಂದಿದ್ದ. ದೋಣಿ ತಗೊಂಡು ಮೂರು ವಾರ ಆಗಿತ್ತು. ಇಬ್ಬರೂ ಲೈಫ್ ಜಾಕೆಟ್ ಹಾಕ್ಕೊಂಡು ಮಿಷನ್ ಬೇ ಅನ್ನೋ ಹಿನ್ನೀರಿಗೆ ಇಳಿದ್ವಿ. ಒಂದು ಜೋರು ಗಾಳಿ ಬೀಸ್ತು, ಒಂದು ಹಲ್ ಮೇಲೆದ್ದಿತು, ನಾನು ಹಾಯಿಯ ಹಗ್ಗ ಬಿಡೋದು ತಡ ಮಾಡಿದೆ. ಅಷ್ಟೇ, ನೀರಲ್ಲಿದ್ವಿ.

ಏನು ಮಾಡಬೇಕು ಅಂತ ಓದಿಕೊಂಡಿದ್ದೆ. ನೀವೂ ಕೇಳಿಸ್ಕೊಳ್ಳಿ. ಮೊದಲನೇದು, ಜೊತೆಗಿದ್ದವರು ಎಲ್ಲಿದ್ದಾರೆ ನೋಡಿ, ಹಾಯಿಯ ಕೆಳಗೆ, ಹಗ್ಗದಲ್ಲಿ ಸಿಕ್ಕಿಕೊಂಡಿಲ್ಲ ತಾನೇ? ಎರಡನೇದು, ದೋಣಿ ಬಿಟ್ಟು ಈಜಿಕೊಂಡು ಹೋಗ್ಬೇಡಿ. ದಡ ಹತ್ತಿರ ಕಾಣಿಸಿದ್ರೂ ಬೇಡ. ದೋಣಿ ತೇಲುತ್ತೆ, ದೂರದವರ ಕಣ್ಣಿಗೂ ಬೀಳುತ್ತೆ. ನಿಮ್ಮ ತಲೆ ಕಾಣಲ್ಲ. ಮೂರನೇದು, ಎರಡೂ ಹಾಯಿಗಳ ಹಗ್ಗ ಪೂರ್ತಿ ಸಡಿಲ ಮಾಡಿ. ಇಲ್ಲಾಂದ್ರೆ ದೋಣಿ ಎದ್ದ ಕೂಡಲೇ ಹಾಯಿ ಗಾಳಿ ಹಿಡಿದು ನಿಮ್ಮನ್ನ ಬಿಟ್ಟು ಓಡುತ್ತೆ.

ನಾಲ್ಕನೇದು, ದೋಣಿಯ ಮೂತಿ ಗಾಳಿಯ ಕಡೆ ತಿರುಗಬೇಕು. ನೀರಲ್ಲಿರೋ ಹಲ್ಲಿನ ಮುಂಭಾಗಕ್ಕೆ ಒಬ್ಬರು ಸರಿದ್ರೆ ಅದು ಸ್ವಲ್ಪ ಮುಳುಗಿ ಲಂಗರಿನ ಹಾಗೆ ನಿಲ್ಲುತ್ತೆ, ಉಳಿದ ಭಾಗವನ್ನ ಗಾಳಿಯೇ ತಳ್ಳಿ ತಿರುಗಿಸುತ್ತೆ. ಐದನೇದು, ಎತ್ತೋ ಹಗ್ಗ. ಅದನ್ನ ಮೇಲಿರೋ ಹಲ್ಲಿನ ಮೇಲಿಂದ ಹಾಯಿಸಿ, ಕೆಳಗಿನ ಹಲ್ಲಿನ ಮೇಲೆ ನಿಂತು, ಹಿಂದಕ್ಕೆ ವಾಲಬೇಕು. ಕೈ ನೇರ, ಮೊಣಕಾಲು ನೇರ. ತೋಳಿನ ಬಲ ಖರ್ಚು ಮಾಡ್ಬೇಡಿ, ಮೈಯ ತೂಕ ಕೆಲಸ ಮಾಡ್ಲಿ. ಬಾವಿಯಿಂದ ನೀರು ಸೇದೋ ಹಾಗಲ್ಲ, ಜೋಕಾಲಿ ಹಿಂದಕ್ಕೆ ಜೀಕೋ ಹಾಗೆ. ಹಾಯಿ ನೀರಿಂದ ಬಿಡಿಸ್ಕೊಂಡು ಅದರ ಕೆಳಗೆ ಗಾಳಿ ನುಗ್ಗಿತು ಅಂದ್ರೆ ಉಳಿದ ಕೆಲಸ ಗಾಳಿಯದ್ದು. ಮೇಲಿದ್ದ ಹಲ್ ಧಡಾರ್ ಅಂತ ಕೆಳಗೆ ಬರುತ್ತೆ, ತಲೆ ಜೋಪಾನ. ಬಂದ ಕೂಡಲೇ ದೋಣಿಯನ್ನ ಗಟ್ಟಿಯಾಗಿ ಹಿಡ್ಕೊಳ್ಳಿ, ಆ ಕಡೆಗೆ ಮತ್ತೆ ಮಗುಚದ ಹಾಗೆ.

ಇಷ್ಟೂ ಮಾಡಿದ್ವಿ. ನಾನು 66 ಕೆಜಿ, ತಮ್ಮ 58. ಇಬ್ಬರೂ ಜೋತುಬಿದ್ವಿ. ಹಾಯಿಕಂಬ ಒಂದು ಗೇಣು ಏಳುತ್ತೆ, ಮತ್ತೆ ಮಲಗುತ್ತೆ. ಹತ್ತು ನಿಮಿಷ, ಹದಿನೈದು ನಿಮಿಷ. ಆ ತಿಂಗಳಲ್ಲಿ ಇಲ್ಲಿ ಸಮುದ್ರದ ನೀರು 14-15 ಡಿಗ್ರಿ ಇರುತ್ತೆ. ಬೆರಳು ಮರಗಟ್ಟಿ ಹಗ್ಗ ಹಿಡಿಯೋಕೇ ಆಗ್ತಿಲ್ಲ. ತಮ್ಮ ಹೇಳಿದ, "ಅಣ್ಣಾ, ಇದು ಏಳೂದಿಲ್ಲ ಮಾರಾಯಾ." ಅವನ ತುಟಿ ನೀಲಿ ಆಗಿತ್ತು. ಆಗ ನನಗೆ ನಿಜಕ್ಕೂ ಭಯ ಆಯ್ತು.

ದೂರದಲ್ಲಿ ಹೋಗ್ತಿದ್ದ ಒಂದು ಮೋಟಾರ್ ಬೋಟಿನವರು ನೋಡಿ ಬಂದ್ರು. ಹಾಯಿಕಂಬದ ತುದಿ ಎತ್ತಿ ಹಿಡಿದು, ಕೈಯಿಂದ ಕೈಗೆ ದಾಟಿಸ್ತಾ ಬಂದ್ರು. ನಾವು ಈ ಕಡೆಯಿಂದ ವಾಲಿದ್ವಿ. ದೋಣಿ ಎದ್ದಿತು. ಅಮ್ಮನಿಗೆ ಈ ಕಥೆ ಇವತ್ತಿಗೂ ಹೇಳಿಲ್ಲ. ಅಮ್ಮ ಪಾಡ್‌ಕಾಸ್ಟ್ ಕೇಳಲ್ಲ ಅನ್ನೋ ಧೈರ್ಯದ ಮೇಲೆ ನಿಮಗೆ ಹೇಳ್ತಿದ್ದೀನಿ.

ದಡಕ್ಕೆ ಬಂದು ಹಲ್ಲಿನ ಹಿಂದಿರೋ ಬಿರಡೆ ಬಿಚ್ಚಿದೆ. ನೀರು ಸುರೀತು, ಸುರೀತಾನೇ ಇತ್ತು. ಹಾಯಿಕಂಬ ಇಳಿಸಿ ಅಲ್ಲಾಡಿಸಿದೆ, ಒಳಗೆ ಗುಳುಗುಳು ಸದ್ದು. ಈಗ ಅರ್ಥ ಆಯ್ತು. ಹಾಯಿಕಂಬ ಮುಚ್ಚಿದ ಕೊಳವೆ. ಒಳಗಿರೋ ಗಾಳಿಯೇ ಅದನ್ನ ನೀರ ಮೇಲೆ ತೇಲಿಸೋದು. ಸೀಲ್ ಹೋಗಿ ನೀರು ತುಂಬಿದ್ರೆ ಕಂಬ ಮುಳುಗೋಕೆ ಶುರು, ದೋಣಿ ಪೂರ್ತಿ ತಲೆಕೆಳಗಾಗುತ್ತೆ. ಇನ್ನು ಆ ನೀರು. ಅದು ನೀರಿನ ಮಟ್ಟದಲ್ಲಿರೋ ತನಕ ಭಾರ ಗೊತ್ತಾಗಲ್ಲ, ಮೇಲಕ್ಕೆತ್ತೋಕೆ ಹೋದಾಗ ಲೀಟರಿಗೆ ಒಂದು ಕೆಜಿ. 8 ಮೀಟರ್ ದೂರದ ತುದಿಯಲ್ಲಿ ಕೂತ ಪ್ರತಿ ಕೆಜಿಯೂ ನಿಮ್ಮ ವಿರುದ್ಧ ಎಳೆಯುತ್ತೆ. ನಾವು ಎತ್ತೋಕೆ ಹೊರಟಿದ್ದು ಬರೀ ದೋಣಿ ಅಲ್ಲ, ದೋಣಿ ಕುಡಿದ ನೀರನ್ನೂ.

ಹಾಗಾಗಿ ಈಗ ಯಾರಾದ್ರೂ "ಹಳೇ ಹೋಬಿ ನೋಡೋಕೆ ಬರ್ತೀಯಾ?" ಅಂತ ಕರೆದ್ರೆ ನನ್ನ ಮನಸ್ಸಲ್ಲಿ ಒಂದೇ ಪ್ರಶ್ನೆ. ಇದು ಮಗುಚಿದ್ರೆ ಏಳುತ್ತಾ? ಉಳಿದ ಎಲ್ಲ ತಪಾಸಣೆ ಅದರೊಳಗೇ ಬರುತ್ತೆ.

ಮೊದಲು ಹಲ್. ಬಣ್ಣ ನೋಡ್ಬೇಡಿ, ಕಿವಿಗೊಡಿ. ಹೊರಗೆ ಫೈಬರ್‌ಗ್ಲಾಸ್, ನಡುವೆ ಫೋಮ್, ಒಳಗೆ ಮತ್ತೆ ಫೈಬರ್‌ಗ್ಲಾಸ್. ವರ್ಷಗಟ್ಟಲೆ ಬಿಸಿಲಿಗೆ, ತುಳಿತಕ್ಕೆ ಹೊರಪದರ ಫೋಮಿನಿಂದ ಬಿಟ್ಟುಕೊಳ್ಳುತ್ತೆ. ತೆಂಗಿನಕಾಯಿ ತಟ್ಟಿ ನೋಡ್ತೀರಲ್ಲ, ಹಾಗೆ ಒಂದು ನಾಣ್ಯ ಹಿಡಿದು ಇಡೀ ಹಲ್ ತಟ್ಟುತ್ತಾ ಹೋಗಿ. ಟಕ್ ಟಕ್ ಅಂದ್ರೆ ಗಟ್ಟಿ. ದಪ್ ದಪ್ ಅಂದ್ರೆ ಅಲ್ಲಿ ಪದರ ಬಿಟ್ಟಿದೆ. ಅಂಗೈಯಿಂದ ಒತ್ತಿ, ಕುಕ್ಕರ್ ಗ್ಯಾಸ್ಕೆಟ್ ಥರ ಮೆತ್ತಗಿದ್ರೆ ಖಚಿತ. ಚೌಕಟ್ಟಿನ ಕಂಬಗಳು ಹಲ್ಲಿಗೆ ಸೇರೋ ಜಾಗ, ಅದರ ಮುಂದಿನ ಡೆಕ್, ಇವನ್ನ ಎರಡೆರಡು ಸಲ ನೋಡಿ.

ಅಂಗೈ ಅಗಲದ ಮೆತ್ತನೆ ಜಾಗ ಆದ್ರೆ ನೀವೇ ಸರಿ ಮಾಡ್ಬಹುದು. ಒಳಗೆ ಪೂರ್ತಿ ಒಣಗಬೇಕು. ಆಮೇಲೆ ಹೊರಪದರಕ್ಕೆ ಮಾತ್ರ 3 ಮಿಲಿಮೀಟರ್ ತೂತುಗಳು, ಬೆರಳಗಲ ಅಂತರದಲ್ಲಿ. ಸಿರಿಂಜಲ್ಲಿ ತೆಳು ಎಪಾಕ್ಸಿ ಹಾಕಿ. ಪಕ್ಕದ ತೂತಿಂದ ಹೊರಗೆ ಬಂದ್ರೆ ಅಲ್ಲಿಗೆ ತಲುಪಿದೆ ಅಂತ ಅರ್ಥ, ಟೇಪ್ ಅಂಟಿಸಿ ಮುಂದಕ್ಕೆ ಹೋಗಿ. ಮೇಲೆ ಭಾರ ಇಟ್ಟು ಗಟ್ಟಿಯಾಗೋಕೆ ಬಿಡಿ. ಕೈಗವಸು, ಮಾಸ್ಕ್ ಬೇಕೇ ಬೇಕು, ಉಜ್ಜುವಾಗ ಏಳೋ ಧೂಳು ಶ್ವಾಸಕೋಶಕ್ಕೆ ಒಳ್ಳೇದಲ್ಲ. ಎಪಾಕ್ಸಿಗೆ ಬಿಸಿಲು ಆಗಲ್ಲ, ಕೊನೆಗೆ ಬಣ್ಣ ಹೊಡೀರಿ. ಆದ್ರೆ ಮೆತ್ತನೆ ಭಾಗ ಕಂಬದ ಬುಡದಲ್ಲೇ ಇದ್ರೆ, ಅಥವಾ ಮೊಳಗಟ್ಟಲೆ ಹರಡಿದ್ರೆ, ಥ್ಯಾಂಕ್ಸ್ ಹೇಳಿ ಎದ್ದು ಬನ್ನಿ.

ಸೋರಿಕೆ ಹುಡುಕೋದು ಸೈಕಲ್ ಟ್ಯೂಬ್ ಪಂಕ್ಚರ್ ಹುಡುಕಿದ ಹಾಗೇ. ಹಲ್ಲಿನ ಮೇಲೆ ಸೋಪಿನ ನೀರು ಬಳಿದು, ಬಿರಡೆಯ ತೂತಿಂದ ಬಾಯಲ್ಲಿ ಮೆಲ್ಲಗೆ ಊದಿ. ಗುಳ್ಳೆ ಬಂದ ಕಡೆ ಸೋರುತ್ತೆ. ಕಂಪ್ರೆಸರ್ ಹಚ್ಚಬೇಡಿ, ಹಲ್ಲೇ ಬಿರಿಯುತ್ತೆ. ಹಾಯಿಕಂಬವನ್ನ ನೀರಲ್ಲಿ ಒತ್ತಿ ಹಿಡೀರಿ, ಗುಳ್ಳೆ ಬಂದ್ರೆ ಸೀಲ್ ಹೋಗಿದೆ.

ಆಮೇಲೆ ಕಂಬವನ್ನ ಹಿಡಿದು ನಿಲ್ಲಿಸೋ ಉಕ್ಕಿನ ತಂತಿಗಳು. ಒಂದು ಬಟ್ಟೆ ಚೂರು ಸುತ್ತಿ ಉದ್ದಕ್ಕೂ ಸವರಿ. ಎಲ್ಲಾದ್ರೂ ಸಿಕ್ಕಿಕೊಂಡ್ರೆ ಅಲ್ಲಿ ಎಳೆ ಕಡಿದಿದೆ. ಒಂದು ಎಳೆ ಕಡಿದಿದ್ರೂ ತಂತಿ ಬದಲಾಯಿಸಿ. ಎಷ್ಟು ಹಳೇದು ಅಂತ ಮಾರೋರಿಗೇ ಗೊತ್ತಿಲ್ಲ ಅಂದ್ರೂ ಬದಲಾಯಿಸಿ. ಟ್ರ್ಯಾಂಪೊಲಿನ್ ಹೊಲಿಗೆಯನ್ನ ಉಗುರಲ್ಲಿ ಕೆರೆದು ನೋಡಿ, ದಾರ ಪುಡಿಯಾದ್ರೆ ಅದರ ಆಯಸ್ಸು ಮುಗೀತು.

ನನ್ನ ಸೂತ್ರ ಸರಳ. ಬಿಚ್ಚಿ ಬದಲಾಯಿಸಬಹುದಾದದ್ದಕ್ಕೆ ಚೌಕಾಸಿ ಮಾಡಿ. ಹಾಯಿ, ಹಗ್ಗ, ತಂತಿ, ಟ್ರ್ಯಾಂಪೊಲಿನ್, ಟ್ರೈಲರಿನ ಚಕ್ರ, ಎಲ್ಲ ಕೂಡಿಸಿ ಲೆಕ್ಕ ಹಾಕಿ ಬೆಲೆ ಇಳಿಸಿ. ಹಲ್ ಮಾತ್ರ ಚೌಕಾಸಿಯ ವಸ್ತು ಅಲ್ಲ. ಅದು ಹೋಗಿದ್ರೆ ಪುಕ್ಕಟೆ ಕೊಟ್ರೂ ದುಬಾರಿ.

ಕಾಗದಪತ್ರ ಮರೀಬೇಡಿ. ಅಮೆರಿಕದಲ್ಲಿ 1972ರ ಕೊನೆಯಿಂದ ತಯಾರಾದ ದೋಣಿಗಳಿಗೆ 12 ಅಕ್ಷರ-ಅಂಕಿಗಳ ಗುರುತು ಸಂಖ್ಯೆ ಇರುತ್ತೆ. ಹಿಂಭಾಗದ ಬಲಗಡೆ ನೋಡಿ. ಅದು ದಾಖಲೆಗೆ ತಾಳೆ ಆಗ್ಬೇಕು. ಟ್ರೈಲರಿಗೆ ಬೇರೆ ಕಾಗದ. "ಕಾಗದ ಆಮೇಲೆ ಕಳಿಸ್ತೀನಿ" ಅಂದ್ರೆ, "ದುಡ್ಡೂ ಆಮೇಲೆ ಕೊಡ್ತೀನಿ" ಅನ್ನಿ.

ಇನ್ನೊಂದು ಮಾತು, ಇದು ತಮಾಷೆ ಅಲ್ಲ. ಹಾಯಿಕಂಬ ಅಲ್ಯುಮಿನಿಯಂ, ಉದ್ದ 8 ಮೀಟರ್. ಎತ್ತಿ ನಿಲ್ಲಿಸೋ ಮುಂಚೆ ತಲೆ ಎತ್ತಿ ವಿದ್ಯುತ್ ತಂತಿ ಇದೆಯಾ ನೋಡಿ. ಹೀಗೆ ತಂತಿ ತಗುಲಿ ಜೀವ ಹೋದ ಘಟನೆಗಳು ನಡೆದಿವೆ. ಅದಕ್ಕೇ 1980ರ ದಶಕದಲ್ಲಿ ಕಂಬದ ಮೇಲ್ಭಾಗವನ್ನ ವಿದ್ಯುತ್ ಹರಿಯದ ವಸ್ತುವಿನಲ್ಲಿ ಮಾಡೋಕೆ ಶುರು ಮಾಡಿದ್ರು. ಅದಕ್ಕಿಂತ ಹಳೇ ದೋಣಿಯಲ್ಲಿ ಪೂರ್ತಿ ಲೋಹವೇ ಇರಬಹುದು. ಕೆಳಭಾಗ ಹೇಗೂ ಲೋಹವೇ.

ಕೊನೇದಾಗಿ, ನಿಮ್ಮ ತೂಕ. ಹೋಬಿ 16 ಅನ್ನ ಸಾಮಾನ್ಯ ಮೈಕಟ್ಟಿನ ಒಬ್ಬರೇ ಎತ್ತೋದು ಕಷ್ಟ. ಒಬ್ಬರೇ ಹೋಗೋರು ಚಿಕ್ಕ ದೋಣಿ ನೋಡಿ. ಇಲ್ಲಾಂದ್ರೆ ನೀರು ತುಂಬೋ ಚೀಲ ಇಟ್ಕೊಳ್ಳಿ. 40 ಲೀಟರ್ ತುಂಬಿ ಎತ್ತೋ ಹಗ್ಗಕ್ಕೆ ತೂಗುಹಾಕಿ ಹಿಂದಕ್ಕೆ ವಾಲಿದ್ರೆ ನಿಮ್ಮ ತೂಕಕ್ಕೆ 40 ಕೆಜಿ ಸೇರಿದ ಹಾಗೆ.

ಆ ಮೊದಲ ದೋಣಿಯನ್ನ ನಾನು ಮಾರಲಿಲ್ಲ, ಬಿಡಿಭಾಗಕ್ಕೆ ಕಳಚಿದೆ. ಅದನ್ನ ಇನ್ನೊಬ್ಬರ ತಮ್ಮನ ಕೆಳಗೆ ಇಡೋಕೆ ಮನಸ್ಸು ಬರಲಿಲ್ಲ. ಎರಡನೇದನ್ನ ಮೂರು ತಿಂಗಳು ಹುಡುಕಿ, ತಟ್ಟಿ, ಊದಿ, ಸವರಿ ತಗೊಂಡೆ. ತಮ್ಮ ಮತ್ತೆ ಬಂದಾಗ ಆಗಸ್ಟ್, ನೀರು ಬೆಚ್ಚಗಿತ್ತು. ದಡದ ಹತ್ತಿರ, ಎದೆಮಟ್ಟಕ್ಕಿಂತ ಸ್ವಲ್ಪ ಆಳದಲ್ಲಿ, ಬೇಕಂತಲೇ ಮಗುಚಿದ್ವಿ. ಅವನೇ ಹಗ್ಗ ಹಿಡಿದು ಮೊದಲು ವಾಲಿದ. ಮೂರು ನಿಮಿಷದಲ್ಲಿ ಎದ್ದಿತು. ಅವನು ನೀರಿಂದ ತಲೆ ಹೊರಗೆ ಹಾಕಿ ಕೂಗಿದ, "ಅಣ್ಣಾ, ಇನ್ನೊಂದ್ಸಲ ಮಗುಚುವಾ!"

ಹಳೇ ದೋಣಿ ಕೊಂಡ ಮೊದಲ ದಿನ ಮಾಡಬೇಕಾದ ಕೆಲಸ ಅದೇ. ದೂರ ಹೋಗೋದು ಆಮೇಲೆ. ಮೊದಲು ದಡದ ಪಕ್ಕ, ಲೈಫ್ ಜಾಕೆಟ್ ಹಾಕ್ಕೊಂಡು, ನೀವೇ ಮಗುಚಿ, ನೀವೇ ಎತ್ತಿ. ಎದ್ದರೆ ಅದು ನಿಮ್ಮ ದೋಣಿ.

ಇವತ್ತಿಗೆ ಇಷ್ಟು. ನಿಮ್ಮ ಗೆಳೆಯರಲ್ಲಿ ಯಾರಾದ್ರೂ ಹಳೇ ದೋಣಿಯ ಜಾಹೀರಾತು ನೋಡ್ತಾ ಕೂತಿದ್ರೆ ಇದನ್ನ ಅವರಿಗೆ ಕಳಿಸಿ.