ಮದ್ದು ಮನೆ ಹತ್ತಿರ ಬರಲಿ

(ಅಡಿಲೇಡ್‌ನ ಗ್ಲೆನೆಲ್ಗ್‌ನಲ್ಲಿ ನಡೆದ ಕನ್ನಡಿಗರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹರೂಪ. ಅಂದು ಬರಲಾಗದಿದ್ದ ಪರ್ತ್ ಮತ್ತು ಬ್ರಿಸ್ಬೇನ್ ಗೆಳೆಯರು ಕೇಳಿದ್ದರಿಂದ ಇಲ್ಲಿ ಕೊಡುತ್ತಿದ್ದೇವೆ.)



ಊಟಕ್ಕೆ ಮುಂಚೆ ಹದಿನೈದು ನಿಮಿಷ ಮಾತಾಡಿ ಎಂದಿದ್ದಾರೆ. ಬಿಸಿಬೇಳೆ ಬಾತಿನ ವಾಸನೆ ಬರುತ್ತಿರುವಾಗ ಮಾತಾಡುವುದು ಕಷ್ಟ, ಕೇಳುವುದು ಇನ್ನೂ ಕಷ್ಟ. ವಿಷಯವೂ ಕೂಟಕ್ಕೆ ಒಗ್ಗುವಂಥದ್ದಲ್ಲ: ಮನಸ್ಸಿನ ಕಾಯಿಲೆ, ಕುಡಿತ, ಅವಕ್ಕೆ ಚಿಕಿತ್ಸೆ. ನಾನು ವೈದ್ಯನಲ್ಲ, ಸಾಫ್ಟ್‌ವೇರ್ ಕೆಲಸದವನು. ಆದರೂ ಮಾತಾಡಲು ಎರಡು ಕಾರಣಗಳಿವೆ. ಒಂದು ನಮ್ಮ ಅಣ್ಣ. ಇನ್ನೊಂದು ನಾನೇ.

ಅಣ್ಣ ಎಂದರೆ ದೊಡ್ಡಪ್ಪನ ಮಗ. ನಮ್ಮೂರು ಈಗಿನ ಕೊಪ್ಪಳ ಜಿಲ್ಲೆಯಲ್ಲಿ, ತುಂಗಭದ್ರೆಯ ಹತ್ತಿರ. 1988ರಲ್ಲಿ ಅವನಿಗೆ ಇಪ್ಪತ್ತನಾಲ್ಕು ವರ್ಷ. ಯಾರೋ ತನ್ನನ್ನು ಬೈಯುತ್ತಿದ್ದಾರೆ ಅನ್ನಲು ಶುರು ಮಾಡಿದ. ರಾತ್ರಿಯೆಲ್ಲ ನಿದ್ದೆಯಿಲ್ಲ, ಹೊಲಕ್ಕೆ ಹೋಗುವುದೂ ನಿಂತಿತು. ದೇವರು, ದಿಂಡರು, ತಾಯಿತ ಎಲ್ಲ ಆದ ಮೇಲೆ ಯಾರೋ ಬೆಂಗಳೂರಿಗೆ ಕರೆದುಕೊಂಡು ಹೋಗಿ ಅಂದರು. ದೊಡ್ಡವ್ವ ಅವನನ್ನು ರಾತ್ರಿ ಬಸ್ಸಿಗೆ ಹತ್ತಿಸಿಕೊಂಡು ಹೋದಳು. ಗುಳಿಗೆಯಿಂದ ಎರಡು ತಿಂಗಳಲ್ಲಿ ಅವನು ಮನುಷ್ಯನಾದ. ಆದರೆ ಪ್ರತಿ ತಿಂಗಳೂ ಎರಡು ರಾತ್ರಿ ಬಸ್ಸು, ಇಬ್ಬರ ಕೂಲಿ ಖೋತಾ, ಬಿತ್ತನೆ ಬಂದರೆ ಹೋಗುವಂತಿಲ್ಲ. ಗುಳಿಗೆ ತಪ್ಪಿತು, ಕಾಯಿಲೆ ಮರಳಿತು. ಹೀಗೆಯೇ ಹಲವು ವರ್ಷ ನಡೆಯಿತು.

ನಾನು ಇಲ್ಲಿಗೆ ಬಂದ ಮೇಲೆ ದುಡ್ಡು ಕಳಿಸತೊಡಗಿದೆ. ಒಮ್ಮೆ ದೊಡ್ಡವ್ವ ಫೋನಿನಲ್ಲಿ ಹೇಳಿದಳು: "ರೊಕ್ಕ ನೀ ಕಳಸ್ತೀಯಪ್ಪ. ಗುಳಿಗಿ ಇಲ್ಲೇ ಸಿಗೋ ಹಂಗ ಮಾಡು."

ಗೆಳೆಯರೇ, ನಾನು ಇವತ್ತು ಹೇಳಬೇಕಾದ್ದೆಲ್ಲ ಆ ಒಂದು ಮಾತಿನಲ್ಲಿದೆ.

ಅದನ್ನು ಮಾಡಿ ತೋರಿಸಿದ್ದು ನಮ್ಮ ಕರ್ನಾಟಕವೇ ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು. 1970ರ ದಶಕದಲ್ಲೇ ನಿಮ್ಹಾನ್ಸ್‌ನವರು ಬೆಂಗಳೂರಿನ ಹೊರಗೆ ಸಕಲವಾರದಲ್ಲಿ ಹಳ್ಳಿಗರಿಗಾಗಿ ಒಂದು ಘಟಕ ತೆರೆದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರು ಮತ್ತು ಆರೋಗ್ಯ ಕಾರ್ಯಕರ್ತರಿಗೆ ಕೆಲವು ದಿನಗಳ ತರಬೇತಿ ಕೊಟ್ಟರೆ ಅವರು ಈ ಕಾಯಿಲೆಗಳನ್ನು ಗುರುತಿಸಿ, ನಾಲ್ಕಾರು ಬಗೆಯ ಔಷಧಿಗಳಲ್ಲೇ ಬಹುಪಾಲು ಜನರನ್ನು ನೋಡಿಕೊಳ್ಳಬಲ್ಲರು ಎಂಬುದನ್ನು ಅಲ್ಲಿ ಕಂಡುಕೊಂಡರು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 1985ರಿಂದ ಇಡೀ ಬಳ್ಳಾರಿ ಜಿಲ್ಲೆಯಲ್ಲಿ ಇದನ್ನು ಪ್ರಯೋಗಿಸಿದರು. ಈ ಕೆಲಸಗಳಲ್ಲಿ ಮುಂದೆ ನಿಂತವರಲ್ಲಿ ಡಾ. ಆರ್. ಶ್ರೀನಿವಾಸಮೂರ್ತಿಯವರು ಒಬ್ಬರು. ಆ ಬಳ್ಳಾರಿ ಮಾದರಿಯನ್ನೇ 1996ರಿಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎಂದು ದೇಶಕ್ಕೆಲ್ಲ ವಿಸ್ತರಿಸಿದರು.

ಈಗ ಲೆಕ್ಕ ಹಾಕಿ. 1988ರಲ್ಲಿ ಹೊಳೆಯ ಆಚೆ ದಡದ ಬಳ್ಳಾರಿ ಜಿಲ್ಲೆಯಲ್ಲಿ ಈ ಕೆಲಸ ನಡೆಯುತ್ತಿತ್ತು. ಈಚೆ ದಡ ಆಗ ರಾಯಚೂರು ಜಿಲ್ಲೆ. ನಮ್ಮ ದೊಡ್ಡವ್ವ ಮಗನನ್ನು ಕರೆದುಕೊಂಡು ಬೆಂಗಳೂರಿಗೆ ಹೋಗುತ್ತಿದ್ದಳು. ಹೊಳೆ ದಾಟಿ ಕೇಳಿ ನೋಡಿ ಎಂದು ನಮಗೆ ಹೇಳುವವರು ಒಬ್ಬರೂ ಇರಲಿಲ್ಲ.

ಇನ್ನೊಂದು ಉದಾಹರಣೆ ತೀರ್ಥಹಳ್ಳಿಯದು. ಕುವೆಂಪು ಅವರ ತಾಲ್ಲೂಕು ಎಂದು ನಮಗೆಲ್ಲ ಗೊತ್ತು. 2005ರಿಂದ ನಿಮ್ಹಾನ್ಸ್‌ನ ಡಾ. ಜಗದೀಶ ತೀರ್ಥಹಳ್ಳಿ ಮತ್ತು ಸಂಗಡಿಗರು ಅಲ್ಲಿ ಸ್ಕಿಜೋಫ್ರೇನಿಯಾದಂಥ ತೀವ್ರ ಕಾಯಿಲೆ ಇರುವವರನ್ನು ಹುಡುಕಿ, ಊರಿನ ಹತ್ತಿರವೇ ಚಿಕಿತ್ಸೆ ಕೊಟ್ಟು, ಬಿಟ್ಟುಹೋದವರನ್ನು ಮತ್ತೆ ವಿಚಾರಿಸುವ ಕೆಲಸ ಮಾಡಿದರು. ಅಗ್ಗದ ಔಷಧಿಯನ್ನೇ ತಪ್ಪದೆ ತೆಗೆದುಕೊಂಡವರ ದುಡಿಯುವ ಶಕ್ತಿ ಸುಧಾರಿಸಿದ್ದನ್ನು ದಾಖಲಿಸಿದರು. ದೊಡ್ಡ ಕಟ್ಟಡ ಬೇಕಾಗಲಿಲ್ಲ. ಗುಳಿಗೆ ಮತ್ತು ವಿಚಾರಿಸುವ ಮನುಷ್ಯ ಬೇಕಾಯಿತು.

ಈಗ ಕರ್ನಾಟಕದ ಎಲ್ಲ ಜಿಲ್ಲೆಗಳಲ್ಲೂ ಜಿಲ್ಲಾ ಕಾರ್ಯಕ್ರಮವಿದೆ. 2014ರಲ್ಲಿ 'ಮನೋಚೈತನ್ಯ' ಎಂಬ ಹೆಸರಿನಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಕ್ಲಿನಿಕ್ ಶುರುವಾಯಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 18ನೇ ಸೆಕ್ಷನ್ ಪ್ರಕಾರ, ದೂರ ಅಲೆಯದಂತೆ ಜಿಲ್ಲೆಯಲ್ಲೇ ಚಿಕಿತ್ಸೆ ಸಿಗುವುದು ಹಕ್ಕು. ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಮದ್ದು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸದಾ ಉಚಿತವಾಗಿ ಸಿಗಬೇಕು. 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಸಹಾಯವಾಣಿಯೂ ಇದೆ. ಊರಿನವರು 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಕಾಗದದ ಮೇಲೆ ಎಲ್ಲ ಇದೆ. ಆದರೆ ಈ ತಿಂಗಳು ಗುಳಿಗೆ ಬಂದಿದೆಯೇ ಎಂದು ಕೇಳುವವರಿಲ್ಲದಿದ್ದರೆ ಅದು ಬರುವುದಿಲ್ಲ. ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಅಣ್ಣನ ಗುಳಿಗೆ ಎರಡು ತಿಂಗಳು ಖಾಲಿಯಾಗಿತ್ತು. "ಹೊರಗೆ ತಗೊಳ್ಳಿ" ಅಂದರು. ಊರಿನ ಔಷಧಿ ಅಂಗಡಿಯಲ್ಲಿ ಅದು ಇರಲಿಲ್ಲ. ಮೂರನೇ ತಿಂಗಳು ಅಣ್ಣ ಮತ್ತೆ ಮಲಗಿದ.

ಕುಡಿತದ ಮಾತಿಗೆ ಬರುತ್ತೇನೆ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಕುಡಿತದ ಕಾಯಿಲೆ ಇರುವ 100 ಜನರಲ್ಲಿ ಸುಮಾರು 86 ಜನಕ್ಕೆ ಯಾವ ಚಿಕಿತ್ಸೆಯೂ ಸಿಕ್ಕಿರಲಿಲ್ಲ. 2007ರ ಜುಲೈನಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು, ಕುಡಿಯುವವರು ಅಗ್ಗದ ವಿಸ್ಕಿಗೆ ಹೋದರು. ನಿಷೇಧ ಚಿಕಿತ್ಸೆಯಲ್ಲ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರಗಳು ನಿಮಗೆ ಗೊತ್ತು. ಅವುಗಳಲ್ಲಿ ನನಗೆ ಮುಖ್ಯವಾಗಿ ಕಾಣುವುದು ಶಿಬಿರದ ಒಂದು ವಾರವಲ್ಲ, ಆಮೇಲಿನ 'ನವಜೀವನ ಸಮಿತಿ'. ಬಿಟ್ಟವರು ಊರಿನಲ್ಲೇ ಸೇರಿ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುವುದು. ಅದಿಲ್ಲದಿದ್ದರೆ ಎಂಟನೇ ದಿನ ಬಾಟಲಿ ಕರೆಯುತ್ತದೆ.

ಇದು ನನಗೆ ಹೇಗೆ ಗೊತ್ತು? ಈಗ ನನ್ನ ಕಥೆ.

ಅಣ್ಣನ ಚಿಕಿತ್ಸೆಗೆ ದುಡ್ಡು ಕಳಿಸುತ್ತಿದ್ದ ಕಾಲದಲ್ಲೇ ನಾನು ದಿನಾ ಸಂಜೆ ಕುಡಿಯುತ್ತಿದ್ದೆ. ಮೊದಲು ಎರಡು ಪೆಗ್, ಆಮೇಲೆ ಮೂರು, ಆಮೇಲೆ ಲೆಕ್ಕ ಬಿಟ್ಟೆ. ಬೆಳಿಗ್ಗೆ ಆಫೀಸಿಗೆ ಸರಿಯಾಗಿ ಹೋಗುತ್ತಿದ್ದೆ, ಹಾಗಾಗಿ ನನಗೆ ಕಾಯಿಲೆಯಿಲ್ಲ ಎಂದುಕೊಂಡಿದ್ದೆ. ಹಳದಿ ಮುಚ್ಚಳದ ಬಿನ್ ಹೊರಗಿಡುವ ರಾತ್ರಿ ಬಾಟಲಿಗಳು ಸದ್ದು ಮಾಡದಂತೆ ನಡುವೆ ಪೇಪರ್ ತುರುಕುತ್ತಿದ್ದೆ. ಹೆಂಡತಿಗೆ ಗೊತ್ತಿತ್ತು. ಅವಳಿಗೆ ಗೊತ್ತಿದೆ ಎಂದು ನನಗೂ ಗೊತ್ತಿತ್ತು. ಇಬ್ಬರೂ ಮಾತಾಡಲಿಲ್ಲ.

ನಮ್ಮ ಜಿ.ಪಿ. ಇರುವುದು ಮನೆಯಿಂದ ಎಂಟು ನಿಮಿಷದ ದಾರಿಯಲ್ಲಿ. ಅಲ್ಲಿಗೆ ಹೋಗಲು ನನಗೆ ಎರಡು ವರ್ಷ ಹಿಡಿಯಿತು. ದೊಡ್ಡವ್ವನಿಗೆ ರಾತ್ರಿಯಿಡೀ ಬಸ್ಸಿನ ದಾರಿ, ಆದರೂ ಅವಳು ಹೋದಳು. ನನಗಿದ್ದ ಅಡ್ಡಿ ನಾಚಿಕೆ. ಕನ್ನಡದವರಿಗೆ ಗೊತ್ತಾದರೆ? ಕೆಲಸಕ್ಕೆ, ವೀಸಾಕ್ಕೆ ತೊಂದರೆಯಾದರೆ?

ಡಾಕ್ಟರು ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಪ್ರಶ್ನೆಗಳ ಹಾಳೆ ಕೊಟ್ಟರು, ಉತ್ತರ ಬರೆದೆ. ಆಮೇಲೆ ಅವರು ಹೇಳಿದ ಮೊದಲ ಮಾತು: "ನಾಳೆಯಿಂದಲೇ ನೀವಾಗಿಯೇ ಪೂರ್ತಿ ನಿಲ್ಲಿಸಬೇಡಿ." ಬಹಳ ದಿನ ಹೆಚ್ಚು ಕುಡಿದವರು ತಟ್ಟನೆ ಬಿಟ್ಟರೆ ಫಿಟ್ಸ್ ಬರಬಹುದು, ಸನ್ನಿ ಹಿಡಿಯಬಹುದು, ಪ್ರಾಣಕ್ಕೂ ಅಪಾಯ. ವೈದ್ಯರ ನಿಗಾದಲ್ಲಿ ಬಿಡಬೇಕು. ಕುಡಿಯುವ ಆಸೆ ತಗ್ಗಿಸಲು ನಾಲ್ಟ್ರೆಕ್ಸೋನ್, ಅಕ್ಯಾಂಪ್ರೊಸೇಟ್‌ನಂಥ ಔಷಧಿಗಳಿವೆ, ಇಲ್ಲಿ ಅವಕ್ಕೆ ಸರ್ಕಾರದ ರಿಯಾಯಿತಿಯೂ ಇದೆ. ಮೊದಲ ವರ್ಷ ಎರಡು ಸಲ ಜಾರಿದೆ. ಡಾಕ್ಟರು ಬೈಯಲಿಲ್ಲ, ಮುಂದಿನ ತಾರೀಖು ಕೊಟ್ಟರು.

ಹಾಗಾಗಿ ಈ ದೇಶದಲ್ಲಿರುವ ನಮಗಾಗಿ ಮೊದಲು ಕೆಲವು ವಿಷಯ. ಮೆಡಿಕೇರ್ ಇರುವವರು ತಮ್ಮ ಮಾಮೂಲಿ ಜಿ.ಪಿ. ಹತ್ತಿರ ಮಾನಸಿಕ ಆರೋಗ್ಯ ಚಿಕಿತ್ಸಾ ಯೋಜನೆ ಮಾಡಿಸಿಕೊಂಡರೆ ವರ್ಷಕ್ಕೆ 10ರವರೆಗೆ ಸೈಕಾಲಜಿಸ್ಟ್ ಭೇಟಿಗಳಿಗೆ ರಿಬೇಟ್ ಸಿಗುತ್ತದೆ. 2006ರ ನವೆಂಬರ್‌ನಿಂದ ಇರುವ ಈ ವ್ಯವಸ್ಥೆಯಲ್ಲಿ ಕುಡಿತದ ಕಾಯಿಲೆಯೂ ಸೇರಿದೆ. ಕೆಲವು ಕಡೆ ರಿಬೇಟ್ ಮೇಲೆ ಕೈಯಿಂದ ಕೊಡಬೇಕಾಗುತ್ತದೆ, ಮೊದಲೇ ಕೇಳಿಕೊಳ್ಳಿ. ಕುಡಿತ ಮತ್ತು ಮಾದಕ ವಸ್ತುಗಳ ಬಗ್ಗೆ ಪರ್ತ್‌ನಿಂದಾಗಲಿ, ಬ್ರಿಸ್ಬೇನ್‌ನಿಂದಾಗಲಿ, ಇಲ್ಲಿಂದಾಗಲಿ 1800 250 015ಕ್ಕೆ ಫೋನ್ ಮಾಡಬಹುದು. ಜೀವ ಬೇಡ ಅನ್ನಿಸಿದರೆ ಲೈಫ್‌ಲೈನ್ 13 11 14, ಅಪಾಯ ಕಣ್ಣೆದುರಿಗಿದ್ದರೆ 000. ಊರಿನಿಂದ ಬಂದ ಅಪ್ಪ ಅಮ್ಮನಿಗೆ ಇಂಗ್ಲಿಷ್ ಬಾರದಿದ್ದರೆ ಮಕ್ಕಳನ್ನು ನಡುವೆ ಕೂರಿಸಬೇಡಿ. 131 450ಕ್ಕೆ ಫೋನ್ ಮಾಡಿ ಕನ್ನಡದ ದುಭಾಷಿಯನ್ನು ಕೇಳಿ. ಡಾಕ್ಟರ್, ನರ್ಸ್ ಗೆಳೆಯರೇ, ಚಿಕಿತ್ಸೆ ಪಡೆದ ಮಾತ್ರಕ್ಕೆ ನಿಮ್ಮ ಮೇಲೆ ವರದಿ ಹೋಗುವುದಿಲ್ಲ. ಆ ಭಯಕ್ಕೆ ಚಿಕಿತ್ಸೆ ಮುಂದೂಡಬೇಡಿ.

ಇನ್ನು ಊರಿಗಾಗಿ ನನ್ನ ಮೂರು ಕೋರಿಕೆಗಳು.

ಒಂದು, ಈ ತಿಂಗಳು ನಿಮ್ಮ ಊರಿಗೆ ಫೋನ್ ಮಾಡಿದಾಗ ತಾಲ್ಲೂಕು ಆಸ್ಪತ್ರೆಯಲ್ಲಿ ಮೂರು ಪ್ರಶ್ನೆ ಕೇಳಿಸಿ. ಮನೋವೈದ್ಯರು ಯಾವ ದಿನ ಬರುತ್ತಾರೆ? ಗುಳಿಗೆ ಈ ತಿಂಗಳು ಇದೆಯೇ? ಬಾರದೆ ಹೋದವರನ್ನು ಯಾರು ವಿಚಾರಿಸುತ್ತಾರೆ? ಉತ್ತರ ಸರಿಯಿಲ್ಲದಿದ್ದರೆ ಜಿಲ್ಲಾ ಆರೋಗ್ಯಾಧಿಕಾರಿಗೆ ಕಾಯಿದೆಯ ಸೆಕ್ಷನ್ ಹೆಸರಿಸಿ ಕಾಗದ ಬರೆಯಿರಿ. ನಾವು ಹಾಗೇ ಬರೆದೆವು, ಎರಡನೇ ಕಾಗದಕ್ಕೆ ಗುಳಿಗೆ ಬಂತು.

ಎರಡು, ದುಡ್ಡು ಕೊಡುವುದಾದರೆ ಕಲ್ಲಿನ ಮೇಲೆ ಹೆಸರು ಕೆತ್ತಿಸುವ ಕಟ್ಟಡಕ್ಕೆ ಬೇಡ. ರೋಗಿಯ ಜೊತೆಗೆ ಬರುವವರ ಬಸ್ ಚಾರ್ಜಿಗೆ, ಆ ದಿನದ ಕೂಲಿಗೆ, ಶಿಬಿರ ಮುಗಿದ ಮೇಲಿನ ವಿಚಾರಣೆಗೆ ಕೊಡಿ.

ಮೂರು, ನಮ್ಮ ಬಾಯಿ. "ಇವನು ನಿಮ್ಹಾನ್ಸ್ ಕೇಸು" ಎಂದು ನಗುವುದನ್ನು ಬಿಡೋಣ. ನಮ್ಮ ಪಾರ್ಟಿಗಳಲ್ಲಿ ಬೇಡ ಎಂದವನಿಗೆ "ಒಂದೇ ಪೆಗ್ಗು, ಏನಾಗಲ್ಲ ತಗೋ" ಅನ್ನುವುದನ್ನೂ ಬಿಡೋಣ. ಆ ಒಂದು ಪೆಗ್ಗಿನಿಂದ ಏನಾಗುತ್ತದೆ ಎಂದು ನನ್ನ ಹೆಂಡತಿಯನ್ನು ಕೇಳಿ.

ಅಣ್ಣನಿಗೆ ಈಗ ಅರವತ್ತು ದಾಟಿದೆ. ಗುಳಿಗೆ ತರಲು ಶೇರ್ ಆಟೋದಲ್ಲಿ ಒಬ್ಬನೇ ತಾಲ್ಲೂಕಿಗೆ ಹೋಗಿಬರುತ್ತಾನೆ. ಹೋದ ಭಾನುವಾರ ಫೋನಿನಲ್ಲಿ ಅವನೇ ನನ್ನನ್ನು ಕೇಳಿದ: "ನಿಂದೆಂಗೈತಿ? ಡಾಕ್ಟರ್ ಹತ್ರ ಹೋಗಿದ್ದ್ಯಾ?" ಹೋಗಿದ್ದೆ ಎಂದೆ.

ಬಾಗಿಲ ಹತ್ತಿರದ ಮೇಜಿನ ಮೇಲೆ ಒಂದು ಪುಸ್ತಕ ಇಟ್ಟಿದ್ದೇವೆ. ನಿಮ್ಮ ಹೆಸರು ಬೇಡ, ನಿಮ್ಮ ತಾಲ್ಲೂಕಿನ ಹೆಸರು ಬರೆದು ಹೋಗಿ. ಮುಂದಿನ ಕೂಟಕ್ಕೆ ಆ ಮೂರು ಪ್ರಶ್ನೆಗಳ ಉತ್ತರ ತನ್ನಿ, ಒಟ್ಟಿಗೆ ಕೂತು ಕಾಗದ ಬರೆಯೋಣ.